ಅಡಿಕೆ ಅಂಗಳಕ್ಕೆ ಕಾಂಕ್ರೀಟ್: ಮೊದಲು ನೆಲ ನೋಡಿ

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಹಳ್ಳಿ ಮನೆ. ಧರೆ ಕಡಿದು ಮಾಡಿದ ಜಾಗ. ಅಂಗಳ ಮನೆಯ ಉದ್ದಕ್ಕೆ 20 ಅಡಿ, ಹೊರಗಡೆಗೆ 15 ಅಡಿ ಇದೆ. ನಡುವೆ ತುಳಸಿ ಕಟ್ಟೆ. ಪ್ರತಿ ವರ್ಷ ಮಳೆ ಮುಗಿದ ಮೇಲೆ ಅಂಗಳ ಕೆತ್ತಿ, ಬಡಿದು, ಸಗಣಿ ಸಾರಿಸುವುದು ಅತ್ತೆಯವರಿಗೆ ಈಗ ಮಂಡಿನೋವಿನಿಂದ ಆಗುತ್ತಿಲ್ಲ. ಯಜಮಾನರು ಬೆಂಗಳೂರಿನಲ್ಲಿ ಇದ್ದಾರೆ. ಹಾಗಾಗಿ ಕಾಂಕ್ರೀಟ್ ಹಾಕಿಸೋಣ ಅಂತ ಇದ್ದೇವೆ. ಅಡಿಕೆ ಒಣಗಿಸಬೇಕು, ಸ್ಕೂಟರ್ ನಿಲ್ಲಿಸಬೇಕು, ಸಂಜೆ ನಾಲ್ಕು ಜನ ಕೂರಬೇಕು, ಅಷ್ಟೇ. ಆದರೆ ಪಕ್ಕದ ಮನೆಯವರು ಹಾಕಿಸಿದ ಅಂಗಳ ಎರಡೇ ಮಳೆಗಾಲಕ್ಕೆ ನಡುವೆ ಉದ್ದಕ್ಕೆ ಬಿರುಕು ಬಿಟ್ಟಿದೆ. ಕಬ್ಬಿಣ ಹಾಕಿದರೆ ಬಿರುಕು ಬರುವುದಿಲ್ಲವಾ? ಒಬ್ಬ ಗೌಂಡಿ ಮತ್ತು ಮನೆಯವರು ಸೇರಿ ಮಾಡಿಕೊಳ್ಳಬಹುದಾ? ಈ ವರ್ಷದ ಅಡಿಕೆಗೆ ಅಂಗಳ ಸಿಗುತ್ತದಾ? ಅಂಕೋಲೆಯ ಭಾವನವರೂ ಹಾಕಿಸಬೇಕು ಅಂತಿದ್ದಾರೆ. ಅವರ ಮನೆ ಸಮುದ್ರದ ಹತ್ತಿರ. ಅಲ್ಲಿಗೂ ಇದೇ ಲೆಕ್ಕವಾ?

ಉತ್ತರ:

ನಿಮ್ಮ ಪತ್ರದಲ್ಲಿ ನನಗೆ ತುಂಬ ಮುಖ್ಯ ಅನ್ನಿಸಿದ ಮಾತು "ಧರೆ ಕಡಿದು ಮಾಡಿದ ಜಾಗ", ಅಂದರೆ ಗುಡ್ಡದ ಏರು ಕಡಿದು ಮಾಡಿದ ಜಾಗ ಅನ್ನುವುದು. ಪಕ್ಕದ ಮನೆಯ ಬಿರುಕಿಗೂ ಬಹುಶಃ ಅಲ್ಲೇ ಉತ್ತರ ಇದೆ.

ನಮ್ಮ ಘಟ್ಟದ ಮೇಲಿನ ಮನೆಗಳ ಅಂಗಳ ಹೇಗೆ ಆಗಿರುತ್ತದೆ ನೋಡಿ. ಗುಡ್ಡದ ಕಡೆಯ ಮಣ್ಣು ಕಡಿದು, ಅದನ್ನೇ ಇಳಿಜಾರಿನ ಕಡೆ ಸುರಿದು ಮಟ್ಟ ಮಾಡಿರುತ್ತಾರೆ. ಅಂದರೆ ಮನೆಯ ಹತ್ತಿರದ ಅರ್ಧ ಗಟ್ಟಿ ನೆಲ, ಹೊರಗಿನ ಅರ್ಧ ತುಂಬಿದ ಮಣ್ಣು. ಎಷ್ಟೋ ವರ್ಷ ಹಳೆಯದಾದರೂ ತುಂಬಿದ ಮಣ್ಣು ತುಂಬಿದ ಮಣ್ಣೇ. ಅದರ ಮೇಲೆ ಒಂದೇ ಹಾಸು ಕಾಂಕ್ರೀಟ್ ಹಾಕಿದಿರಿ ಅಂದುಕೊಳ್ಳಿ. ಮೊದಲ ಮಳೆಗಾಲದಲ್ಲಿ ನೀರು ಇಳಿದು ಹೊರಗಿನ ಅರ್ಧ ಕಾಲು ಇಂಚು ಕೂರುತ್ತದೆ. ಒಳಗಿನ ಅರ್ಧ ಕದಲುವುದಿಲ್ಲ. ಎರಡೂ ಸೇರುವ ಗೆರೆಯ ಮೇಲೆ ಕಾಂಕ್ರೀಟ್ ಮುರಿಯುತ್ತದೆ. ಪಕ್ಕದವರ ಬಿರುಕು ಮನೆಗೆ ಸಮಾನಾಂತರವಾಗಿ ನಡುವೆ ಓಡಿದ್ದರೆ ಇದೇ ಕಾರಣ ಅಂತ ನಾನು ಹೇಳುತ್ತೇನೆ. ಸಿಮೆಂಟ್ ಕಡಿಮೆ ಹಾಕಿದರು ಅಂತ ಗೌಂಡಿಯನ್ನು ಬೈದಿರುತ್ತಾರೆ. ಆದರೆ ಅಲ್ಲಿ ಇನ್ನೂ ಹತ್ತು ಚೀಲ ಸಿಮೆಂಟ್ ಸುರಿದಿದ್ದರೂ ಅದು ಬಿರುಕು ಬಿಡುತ್ತಿತ್ತು.

ಒಂದು ಲೆಕ್ಕ ಹೇಳುತ್ತೇನೆ. ನಾಲ್ಕು ಇಂಚು ದಪ್ಪದ ಕಾಂಕ್ರೀಟಿನ ತೂಕ ಒಂದು ಚದರ ಅಡಿಗೆ ಸುಮಾರು 22 ಕಿಲೋ. ನೀವು ಒಂದು ಕಾಲಿನ ಮೇಲೆ ನಿಂತರೆ ನೆಲದ ಮೇಲೆ ಬೀಳುವ ಒತ್ತಡ ಇದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ನೆಲ ಬಂಡೆಯಂತೆ ಗಟ್ಟಿ ಇರಲೇಬೇಕು ಅಂತಿಲ್ಲ. ಎಲ್ಲ ಕಡೆ ಒಂದೇ ಸಮ ಗಟ್ಟಿ ಇರಬೇಕು. ಇಡೀ ಕೆಲಸದಲ್ಲಿ ನಾನು ಜಾಸ್ತಿ ಹಟ ಹಿಡಿಯುವುದು ಇದಕ್ಕೆ.

ನಾನು ಇದನ್ನು ಕಲಿತಿದ್ದು ನನ್ನ ಸ್ವಂತ ಮನೆಯಲ್ಲಿ. ಬಾವಿ ತೆಗೆದಾಗ ಬಂದ ಮಣ್ಣನ್ನು ಅಂಗಳದ ಒಂದು ಮೂಲೆಗೆ ತುಂಬಿಸಿದ್ದೆ. ಮೇ ತಿಂಗಳು, ಮಳೆ ಹತ್ತಿರ ಬಂದಿತ್ತು. ಅವಸರದಲ್ಲಿ ಮೇಲಿನಿಂದ ನಾಲ್ಕು ಸಲ ದಿಮ್ಮಸು (ನೆಲ ಬಡಿಯುವ ಭಾರದ ಸಾಧನ) ಹೊಡೆಸಿ ಕಾಂಕ್ರೀಟ್ ಹಾಕಿಸಿದೆ. ಜುಲೈನಲ್ಲಿ ಆ ಮೂಲೆ ಎರಡು ಬೆರಳು ಕೂತಿತು. ಮೇಲೆ ಬಡಿದು ನೋಡಿದರೆ ಟೊಳ್ಳು ಶಬ್ದ. ಅಮ್ಮ ಅಲ್ಲಿ ಎಡವಿ ಬಿದ್ದರು. ಒಡೆದು ಮತ್ತೆ ಮಾಡಿಸಿದೆ. ಅಂದಿನಿಂದ ತುಂಬಿದ ಮಣ್ಣಿನ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಈಗ ಶ್ರಾವಣ. ಕಾಂಕ್ರೀಟ್ ಹಾಕುವ ಕಾಲ ಅಲ್ಲ. ಆದರೆ ನೆಲ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಜೋರು ಮಳೆ ಬರುವಾಗ ಜಗಲಿಯಲ್ಲಿ ಕೂತು ಅಂಗಳ ನೋಡಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹರಿದು ಬರುತ್ತದೆ, ಯಾವ ಮೂಲೆಯಲ್ಲಿ ಹೊರಗೆ ಹೋಗುತ್ತದೆ? ಆ ಜಾಗಗಳಿಗೆಲ್ಲ ಸಣ್ಣ ಗೂಟ ಹೊಡೆದಿಡಿ. ಮಳೆ ನಿಂತು ಒಂದು ದಿನ ಆದ ಮೇಲೂ ಎಲ್ಲಿ ಒಸರುತ್ತಿದೆ ಅಂತ ಬೇರೆಯಾಗಿ ಗುರುತಿಸಿ. ನಮ್ಮ ಕಡೆ ಜುಲೈ, ಆಗಸ್ಟ್‌ನಲ್ಲಿ ಧರೆಯ ಬುಡದಿಂದ ಜಲ ಏಳುತ್ತದೆ. ನಿಮ್ಮ ಅಂಗಳದಲ್ಲಿ ಅದು ಎಲ್ಲಿ ಏಳುತ್ತದೆ ಅಂತ ಅತ್ತೆಯವರಿಗೆ ಗೊತ್ತಿರುತ್ತದೆ. ಇಷ್ಟು ವರ್ಷ ಆ ನೆಲ ಬಡಿದು ಸಾರಿಸಿದವರು ಅವರು. ಕೇಳಿ, ಬರೆದುಕೊಳ್ಳಿ.

ಆ ಜಲವನ್ನು ಅಂಗಳದ ಕೆಳಗೆ ಬಿಡಬಾರದು. ಮಣ್ಣಿನ ಅಂಗಳದಲ್ಲಿ ಅದು ಮೇಲೆ ಬಂದು ಹರಿದು ಹೋಗುತ್ತಿತ್ತು. ಕಾಂಕ್ರೀಟ್ ಹಾಕಿದ ಮೇಲೆ ಅಡಿಯಲ್ಲೇ ದಾರಿ ಮಾಡಿಕೊಂಡು ಮಣ್ಣನ್ನು ತೊಳೆದು ಒಯ್ಯುತ್ತದೆ. ತೋಟದಲ್ಲಿ ಬಸಿಗಾಲುವೆ ತೆಗೆಯುವ ಹಾಗೆ ಇಲ್ಲೂ ಗುಡ್ಡದ ಕಡೆಯಿಂದ ಒಂದು ಕಾಲುವೆ ಬೇಕು. ಒಂದು ಅಡಿ ಅಗಲ, ಒಂದೂವರೆ ಅಡಿ ಆಳ ಸಾಕು. ತಳದಲ್ಲಿ ತೂತಿನ ಪೈಪು ಇಟ್ಟು ಮೇಲೆ ದಪ್ಪ ಜಲ್ಲಿ ತುಂಬಬಹುದು. ಅಥವಾ ಸುಮ್ನೆ ತೆರೆದ ಚರಂಡಿಯಾಗಿ ಬಿಟ್ಟರೂ ಆಯಿತು. ತೆರೆದದ್ದಾದರೆ ಎಲೆ ಕಟ್ಟಿಕೊಂಡಿದ್ದು ಕಣ್ಣಿಗೆ ಕಾಣುತ್ತದೆ. ನಾನು ಅದನ್ನೇ ಇಷ್ಟಪಡುತ್ತೇನೆ.

ಮುಂದಿನದು ಸಲಾಕೆ ಪರೀಕ್ಷೆ. ಇದಕ್ಕೆ ಮಳೆ ಮುಗಿದು ಮೂರು ನಾಲ್ಕು ವಾರ ಆಗಬೇಕು. ದೀಪಾವಳಿ ಹೊತ್ತಿಗೆ ಮಾಡಿ. ಬೆರಳು ದಪ್ಪದ ಕಬ್ಬಿಣದ ಸಲಾಕೆ ತೆಗೆದುಕೊಂಡು, ಮೂರು ಮೂರು ಅಡಿಗೆ ಒಂದರಂತೆ ಇಡೀ ಅಂಗಳದಲ್ಲಿ ಕೈಯಿಂದ ಒತ್ತುತ್ತಾ ಹೋಗಿ. ಸುತ್ತಿಗೆ ಬೇಡ, ಮೈಭಾರ ಹಾಕಿ ಒತ್ತಿ. ಎಷ್ಟು ಇಳಿಯಿತು ಅಂತ ಒಂದು ಕಾಗದದಲ್ಲಿ ಅಂಗಳದ ಚಿತ್ರ ಬರೆದು ಗುರುತು ಹಾಕಿ. ಮನೆಯ ಹತ್ತಿರ ಎರಡು ಮೂರು ಇಂಚಿಗೆ ನಿಲ್ಲಬಹುದು. ಹೊರಗೆ ಹೋದ ಹಾಗೆ ಎಲ್ಲಿಂದ ಸಲಾಕೆ ಗೇಣು ಮೀರಿ ಇಳಿಯುತ್ತದೋ ಅಲ್ಲಿಂದ ತುಂಬಿದ ಮಣ್ಣು ಶುರುವಾಯಿತು. ಆ ಗೆರೆ ನಿಮಗೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ತುಂಬಿದ ಭಾಗವನ್ನು ಕನಿಷ್ಠ ಒಂದು ಅಡಿ, ಸಡಿಲ ಜಾಸ್ತಿ ಇದ್ದರೆ ಎರಡು ಅಡಿ ತೆಗೆದು ಮತ್ತೆ ತುಂಬಿಸಿ. ಮೇಲಿನ ಕಪ್ಪು ಮಣ್ಣು, ಬೇರು, ಎಲೆ ಕೊಳೆತದ್ದು, ಗೆದ್ದಲು ಗೂಡು ಎಲ್ಲ ಹೊರಗೆ ಹೋಗಬೇಕು. ಅದು ತೋಟಕ್ಕೆ ಒಳ್ಳೆಯದು, ಅಂಗಳದ ಅಡಿಗೆ ಅಲ್ಲ. ತುಂಬಲು ಗೊಚ್ಚು ಮಣ್ಣು ಬಳಸಿ. ಚಿರೆಕಲ್ಲಿನ ಚೂರು ಸೇರಿದ ಕೆಂಪು ಮಣ್ಣು ಬಡಿದರೆ ಚೆನ್ನಾಗಿ ಬಿಗಿಯುತ್ತದೆ. ಗದ್ದೆಯ ಜೇಡಿ ಬೇಡವೇ ಬೇಡ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ.

ಕೈ ದಿಮ್ಮಸಾದರೆ ಒಂದು ಸಲಕ್ಕೆ ನಾಲ್ಕು ಇಂಚು ಮಣ್ಣು ಮಾತ್ರ ಹರಡಿ. ಬಾಡಿಗೆಗೆ ಕಾಂಪ್ಯಾಕ್ಟರ್ ಯಂತ್ರ ಸಿಕ್ಕರೆ ಆರು ಇಂಚು ಆಗಬಹುದು. ಒಂದೇ ಸಲ ಒಂದು ಅಡಿ ಸುರಿದು ಮೇಲಿಂದ ಎಷ್ಟು ಬಡಿದರೂ ಪೆಟ್ಟು ಕೆಳಗೆ ಮುಟ್ಟುವುದಿಲ್ಲ. ಮೇಲೆ ಗಟ್ಟಿ, ಕೆಳಗೆ ಸಡಿಲ. ನನ್ನ ಮನೆಯಲ್ಲಿ ಆಗಿದ್ದು ಅದೇ. ಮಣ್ಣಿನ ತೇವವೂ ಸರಿ ಇರಬೇಕು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆ ಆಗಬೇಕು, ಕೈಗೆ ಕೆಸರು ಅಂಟಬಾರದು. ಸೊಂಟದ ಎತ್ತರದಿಂದ ಬಿಟ್ಟರೆ ಎರಡು ಮೂರು ತುಂಡಾಗಬೇಕು. ಪುಡಿಯಾದರೆ ನೀರು ಚಿಮುಕಿಸಿ. ಒಡೆಯದೆ ಚಪ್ಪಟೆಯಾದರೆ ಒಂದು ದಿನ ಬಿಸಿಲಿಗೆ ಬಿಡಿ. ಬಡಿದು ಮುಗಿದ ಮೇಲೆ ಹಿಮ್ಮಡಿ ಊರಿ ತಿರುಗಿಸಿದರೆ ಗುರುತು ಬೀಳಬಾರದು. ಅಂಗಳ ಬಡಿಯುವುದರಲ್ಲಿ ಅತ್ತೆಯವರಿಗಿಂತ ಅನುಭವ ಇರುವವರು ನಿಮಗೆ ಸಿಗಲಿಕ್ಕಿಲ್ಲ. ಕೆಲಸ ಬೇರೆಯವರು ಮಾಡಲಿ, ಆಯಿತು ಅನ್ನುವ ಮಾತು ಅವರಿಂದ ಬರಲಿ.

ನೆಲ ಬಡಿಯುವಾಗಲೇ ಇಳಿಜಾರು ಕೊಟ್ಟುಬಿಡಿ. ಆಮೇಲೆ ಕಾಂಕ್ರೀಟಿನಲ್ಲಿ ಕೊಡಲು ಹೋದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತದೆ. ನಮ್ಮ ಮಳೆಗೆ ಅಡಿಗೆ ಕಾಲು ಇಂಚು ಇಳಿಜಾರು ಬೇಕು. ನಿಮ್ಮ 15 ಅಡಿಗೆ ಹೆಚ್ಚುಕಡಿಮೆ ಪೌಣೆ ನಾಲ್ಕು ಇಂಚು. ಅಡಿಕೆ ಉರುಳಿ ಹೋಗುತ್ತದಾ ಅಂತ ಹೆದರಬೇಡಿ. ಅಷ್ಟು ಇಳಿಜಾರು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಗೌಂಡಿಯ ಹತ್ತಿರ ಇರುತ್ತದೆ. ಜಗಲಿಯ ಮೇಲ್ಮೈಗಿಂತ ಅಂಗಳ ಮುಗಿದ ಮೇಲೂ ಆರು ಇಂಚಾದರೂ ತಗ್ಗಿರಲಿ. ಇಲ್ಲದಿದ್ದರೆ ಮಾಡಿನ (ಸೂರಿನ) ನೀರು ಬಿದ್ದು ಸಿಡಿದು ಗೋಡೆ ನೆನೆಯುತ್ತದೆ.

ಬಡಿದ ಮಣ್ಣಿನ ಮೇಲೆ ನಾಲ್ಕು ಇಂಚು ದಪ್ಪ ಜಲ್ಲಿ, ಕ್ರಷರ್ ಪುಡಿ ಸೇರಿಸಿ ಹರಡಿ ಮತ್ತೆ ಬಡಿಸಿ. 300 ಚದರ ಅಡಿಗೆ ಬಡಿದ ಮೇಲೆ 100 ಘನ ಅಡಿ ಬೇಕು. ತರಿಸುವಾಗ 130 ತರಿಸಿ, ಬಡಿದಾಗ ಇಳಿಯುತ್ತದೆ. ಅದರ ಮೇಲೆ ತೆಳುವಾಗಿ ಕ್ರಷರ್ ಪುಡಿ. ಆಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, 200 ಮೈಕ್ರಾನ್ ಮೇಲಿನದು. ಬರೀ ಓಡಾಡುವ ಅಂಗಳವಾಗಿದ್ದರೆ ಈ ಹಾಳೆಗೆ ನಾನು ಒತ್ತಾಯ ಮಾಡುತ್ತಿರಲಿಲ್ಲ. ನೀವು ಅಡಿಕೆ ಒಣಗಿಸುವವರು. ಕಾಂಕ್ರೀಟ್ ಎಷ್ಟೇ ಚೆನ್ನಾಗಿದ್ದರೂ ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಮೇಲಿಂದ ಬಿಸಿಲು, ಅಡಿಯಿಂದ ತೇವ ಅಂದರೆ ಅಡಿಕೆಗೆ ಬೂಷ್ಟು ಬರುತ್ತದೆ. ಹಾಳೆಯ ಅಂಚುಗಳು ಒಂದರ ಮೇಲೊಂದು ಒಂದು ಅಡಿ ಬರುವಂತೆ ಹಾಸಿ.

ಕಬ್ಬಿಣದ ಪ್ರಶ್ನೆಗೆ ಬರೋಣ. ಕಬ್ಬಿಣ ಬಿರುಕನ್ನು ತಡೆಯುವುದಿಲ್ಲ. ಬಂದ ಬಿರುಕು ಅಗಲವಾಗದಂತೆ ಹಿಡಿದುಕೊಳ್ಳುತ್ತದೆ, ಅಷ್ಟೇ. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ. ಕುಗ್ಗಿದಾಗ ಎಲ್ಲೋ ಒಂದು ಕಡೆ ಬಿಡಲೇಬೇಕು. ನಾವು ಗೆರೆ ಹಾಕಿ ಜಾಗ ಕೊಟ್ಟರೆ ಅಲ್ಲಿ ಬಿಡುತ್ತದೆ. ಕೊಡದಿದ್ದರೆ ತನಗೆ ಬೇಕಾದ ಕಡೆ ಬಿಡುತ್ತದೆ. ನಾಲ್ಕು ಇಂಚು ದಪ್ಪಕ್ಕೆ ಎಂಟರಿಂದ ಹತ್ತು ಅಡಿಗೆ ಒಂದು ಜಾಯಿಂಟ್ ಇರಬೇಕು. ನಿಮ್ಮ ಅಂಗಳವನ್ನು ನಾಲ್ಕು ಚೌಕ ಮಾಡಿ, ಒಂದೊಂದು 10 ಅಡಿಗೆ ಏಳೂವರೆ ಅಡಿ. ನಡುವಿನ ಉದ್ದದ ಜಾಯಿಂಟನ್ನು ಸಲಾಕೆ ತೋರಿಸಿದ ಗೆರೆಯ ಮೇಲೆ ಬರುವಂತೆ ಅರ್ಧ ಅಡಿ, ಒಂದು ಅಡಿ ಆಚೀಚೆ ಮಾಡಿಕೊಳ್ಳಿ. ಹೊರಗಿನ ಅರ್ಧ ಕೂದಲೆಳೆಯಷ್ಟು ಕೂತರೂ ಆ ಜಾಯಿಂಟಿನಲ್ಲೇ ಕೂರುತ್ತದೆ. ಸ್ಕೂಟರ್, ಅಡಿಕೆ, ಜನ ಇಷ್ಟೇ ಆದರೆ ಕಬ್ಬಿಣ ಬೇಡ. ಆ ಹಣವನ್ನು ನೆಲ ಬಡಿಯುವ ಕೂಲಿಗೆ ಹಾಕಿ. ಮುಂದೆ ಕಾರು ಅಥವಾ ಪಿಕಪ್ ಗಾಡಿ ಬರುವುದಾದರೆ ದಪ್ಪ ಐದು ಇಂಚು ಮಾಡಿ, 8 ಎಂಎಂ ಸರಳು ಎಂಟು ಇಂಚಿಗೆ ಒಂದರಂತೆ ಎರಡೂ ಕಡೆ ಹಾಕಿಸಿ. ಸರಳು ನೆಲಕ್ಕೆ ತಾಗಿ ಮಲಗಿರಬಾರದು. ಕೆಳಗೆ ಕವರ್ ಬ್ಲಾಕ್, ಅಂದರೆ ಸರಳನ್ನು ಎತ್ತಿ ಹಿಡಿಯುವ ಸಣ್ಣ ಸಿಮೆಂಟ್ ಬಿಲ್ಲೆ ಇಡಬೇಕು. "ಕಾಂಕ್ರೀಟ್ ಸುರಿದ ಮೇಲೆ ಕೊಕ್ಕೆಯಿಂದ ಎತ್ತುತ್ತೇವೆ" ಅಂದರೆ ಒಪ್ಪಬೇಡಿ. ಯಾರೂ ಎತ್ತುವುದಿಲ್ಲ, ಎತ್ತಿದ್ದೂ ಕಾಲು ಇಟ್ಟಾಗ ಮತ್ತೆ ಇಳಿಯುತ್ತದೆ.

ತುಳಸಿ ಕಟ್ಟೆಯ ಸುತ್ತ ಜಾಗ ಬಿಡಿ. ಚೌಕದ ಕಟ್ಟೆಗೆ ಕಾಂಕ್ರೀಟ್ ತಾಗಿಸಿದರೆ ಕಟ್ಟೆಯ ನಾಲ್ಕು ಮೂಲೆಯಿಂದ ನಾಲ್ಕು ಓರೆ ಬಿರುಕು ಹೊರಡುತ್ತವೆ. ನಾನು ನೋಡಿದ ಅಂಗಳಗಳಲ್ಲಿ ಇದು ತಪ್ಪಿದ್ದು ಕಡಿಮೆ. ಕಟ್ಟೆಯ ಸುತ್ತ ಒಂದು ಅಡಿ ಬಿಟ್ಟು ದುಂಡಗೆ ತೆಳುವಾದ ತಗಡು ಬಗ್ಗಿಸಿ ನಿಲ್ಲಿಸಿ, ಅದರ ಹೊರಗೆ ಮಾತ್ರ ಕಾಂಕ್ರೀಟ್ ಬರಲಿ. ದುಂಡಗಿನ ಅಂಚಿಗೆ ಮೂಲೆ ಇಲ್ಲ, ಬಿರುಕಿಗೆ ಶುರುವಾಗಲು ಜಾಗ ಇಲ್ಲ. ನಾಲ್ಕು ಜಾಯಿಂಟುಗಳೂ ಆ ದುಂಡಿಗೆ ಬಂದು ಸೇರುತ್ತವೆ. ಒಳಗಿನ ಮಣ್ಣಿನ ಪಟ್ಟಿಯನ್ನು ಅತ್ತೆಯವರು ಹಬ್ಬಕ್ಕೆ ಸಾರಿಸಿ ರಂಗೋಲಿ ಹಾಕಬಹುದು, ಅಲ್ವಾ? ಅಷ್ಟು ಜಾಗಕ್ಕೆ ಮಂಡಿ ಊರಬೇಕಿಲ್ಲ. ಇದೇ ರೀತಿ ಜಗಲಿಯ ಕಲ್ಲಿಗೂ ಕಾಂಕ್ರೀಟಿಗೂ ನಡುವೆ ಅರ್ಧ ಇಂಚು ಥರ್ಮಾಕೋಲ್ ಪಟ್ಟಿ ಇಡಿ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಚಪ್ಪರದ ಕಂಬ. ಅಂಗಳ ಇದ್ದ ಮೇಲೆ ಚಪ್ಪರ ಹಾಕುವ ಸಂದರ್ಭ ಬಂದೇ ಬರುತ್ತದೆ, ಮದುವೆಗೋ, ಉಪನಯನಕ್ಕೋ. ಆಗ ಹೊಸ ಕಾಂಕ್ರೀಟನ್ನು ಹಾರೆಯಿಂದ ಒಡೆಯುತ್ತಾರೆ. ಮೊದಲೇ ಅಂಚಿನಲ್ಲಿ ಮತ್ತು ಜಾಯಿಂಟ್ ಗೆರೆಯ ಮೇಲೆ ಬೇಕಾದ ಕಡೆ ದಪ್ಪ ಪಿವಿಸಿ ಪೈಪಿನ ತುಂಡು ಒಂದೂವರೆ ಅಡಿ ಆಳಕ್ಕೆ ಹೂತುಬಿಡಿ. ಅಡಿಕೆ ಕಂಬ ಕೂರುವಷ್ಟು ಅಗಲದ್ದು. ಮೇಲೆ ಮುಚ್ಚಳ ಹಾಕಿದರೆ ಅಡಿಕೆ ಒಳಗೆ ಬೀಳುವುದಿಲ್ಲ. ಚೌಕದ ನಡುವೆ ಮಾತ್ರ ಪೈಪು ಇಡಬೇಡಿ, ಅಲ್ಲಿಂದ ಬಿರುಕು ಹೊರಡುತ್ತದೆ.

ಮನೆಯವರೇ ಮಾಡಬಹುದಾ ಅಂತ ಕೇಳಿದ್ದೀರಿ. ಒಂದೇ ದಿನ ಇಡೀ ಅಂಗಳ ಮುಗಿಸುವ ಹಟ ಬಿಟ್ಟರೆ ಧಾರಾಳವಾಗಿ ಮಾಡಬಹುದು. ಇಡೀ ಅಂಗಳಕ್ಕೆ 100 ಘನ ಅಡಿ ಕಾಂಕ್ರೀಟ್, ಹೆಚ್ಚುಕಡಿಮೆ ಏಳು ಟನ್ ತೂಕ. ಅದನ್ನು ಒಂದೇ ದಿನ ಕಲಸಿ, ಹೊತ್ತು, ಮಟ್ಟ ಮಾಡಲು ಆರೇಳು ಜನರ ಪಳಗಿದ ತಂಡ ಬೇಕು. ಆದರೆ ಒಂದು ಚೌಕಕ್ಕೆ 25 ಘನ ಅಡಿ, ಅಂದರೆ ಸಿಮೆಂಟ್ ಆರು ಚೀಲದ ಒಳಗೆ. ಒಬ್ಬ ಗೌಂಡಿ, ನಾಲ್ಕು ಜನ, ಬಾಡಿಗೆಯ ಸಣ್ಣ ಮಿಕ್ಸರ್ ಇದ್ದರೆ ಬೆಳಗಿನ ಚಹಾದಿಂದ ಊಟದ ಒಳಗೆ ಒಂದು ಚೌಕ ಮುಗಿಯುತ್ತದೆ. ಎದುರು ಮೂಲೆಯ ಎರಡು ಚೌಕ ಮೊದಲು ಹಾಕಿ. ಎರಡು ಮೂರು ದಿನ ಬಿಟ್ಟು ಹಲಗೆ ಬಿಚ್ಚಿ ಉಳಿದ ಎರಡನ್ನು ಹಾಕಿ. ಹಳೆಯ ಮತ್ತು ಹೊಸ ಕಾಂಕ್ರೀಟಿನ ನಡುವೆ ಪ್ಲಾಸ್ಟಿಕ್ ಹಾಳೆಯ ಪಟ್ಟಿ ಇಟ್ಟರೆ ಜಾಯಿಂಟ್ ತಾನಾಗಿಯೇ ಆಯಿತು. ಕಟರ್ ತಂದು ಕೊಯ್ಯುವ ಕೆಲಸವೇ ಇಲ್ಲ. ಒಂದೇ ದಿನ ಹಾಕಿಸಿದರೆ ಮಾತ್ರ ಅದೇ ಸಂಜೆ ಅಥವಾ ಮರುದಿನ ಬೆಳಿಗ್ಗೆ ಒಂದು ಇಂಚು ಆಳ ಕೊಯ್ಯಬೇಕು. ನಾಲ್ಕು ದಿನ ಬಿಟ್ಟು ಕೊಯ್ದರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ಬಿರುಕು ತನ್ನ ದಾರಿ ಹಿಡಿದಿರುತ್ತದೆ.

ಸಾಮಾನು ಹೀಗೆ ತರಿಸಿ. ಸಿಮೆಂಟ್ 25 ಚೀಲ, ಹೊಯ್ಗೆ (ಮರಳು) 55 ಘನ ಅಡಿ, 20 ಎಂಎಂ ಮತ್ತು 12 ಎಂಎಂ ಬೆರೆಸಿದ ಜಲ್ಲಿ 95 ಘನ ಅಡಿ. ಇದರಲ್ಲಿ ಚೆಲ್ಲಿ ಹೋಗುವ ಲೆಕ್ಕವೂ ಸೇರಿದೆ. ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ, ತಿಂಗಳು, ವರ್ಷ ಅಚ್ಚಾಗಿರುತ್ತದೆ. ನೋಡಿಯೇ ತೆಗೆದುಕೊಳ್ಳಿ. ನಮ್ಮ ಮಳೆಗಾಲವನ್ನು ಅಂಗಡಿಯ ಗೋದಾಮಿನಲ್ಲಿ ಕಳೆದ ಚೀಲ ಬೇಡ. ಒಳಗೆ ಕೈ ಹಾಕಿದಾಗ ಗಂಟು ಸಿಕ್ಕಿದರೆ ವಾಪಸ್ ಕಳಿಸಿ.

ಅಳತೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಹೊಯ್ಗೆ, ಮೂರು ಪಾಲು ಜಲ್ಲಿ. ಒಂದು ಚೀಲ ಸಿಮೆಂಟ್ ಅಂದರೆ 35 ಲೀಟರ್. ಒಂದು ಅಡಿ ಅಗಲ, ಒಂದು ಅಡಿ ಉದ್ದ, 15 ಇಂಚು ಎತ್ತರದ ಮರದ ಪೆಟ್ಟಿಗೆ ಮಾಡಿಸಿದರೆ ಸರಿಯಾಗಿ ಅಷ್ಟೇ ಹಿಡಿಯುತ್ತದೆ. ಒಂದು ಚೀಲಕ್ಕೆ ಹೊಯ್ಗೆ ಒಂದೂವರೆ ಪೆಟ್ಟಿಗೆ, ಜಲ್ಲಿ ಮೂರು ಪೆಟ್ಟಿಗೆ. ಬಾಂಡ್ಲಿ ಲೆಕ್ಕ ಬೇಡ. ಬೆಳಿಗ್ಗೆ ತುಂಬುವ ಬಾಂಡ್ಲಿಯೇ ಬೇರೆ, ದಣಿದ ಮೇಲೆ ತುಂಬುವುದೇ ಬೇರೆ. ಹೊಯ್ಗೆ ಒದ್ದೆ ಇದ್ದರೆ ಉಬ್ಬಿರುತ್ತದೆ, ಪೆಟ್ಟಿಗೆಯ ಮೇಲೆ ಸ್ವಲ್ಪ ರಾಶಿಯಾಗಿಯೇ ತುಂಬಿ. ಮಿಕ್ಸರ್ ಸಿಗದೆ ಕೈಯಲ್ಲೇ ಕಲಸುವುದಾದರೆ ಹತ್ತಕ್ಕೆ ಒಂದು ಪಾಲು ಸಿಮೆಂಟ್ ಜಾಸ್ತಿ ಹಾಕಬೇಕು.

ನೀರಿನ ವಿಷಯ ನಿಧಾನವಾಗಿ ಓದಿ, ಕೆಲಸದ ದಿನ ನೀವೇ ನಿಂತು ನೋಡಬೇಕಾದ್ದು ಇದೊಂದನ್ನೇ. ಒಂದು ಚೀಲಕ್ಕೆ 25 ಲೀಟರ್. ಹೊಯ್ಗೆ ಒದ್ದೆ ಇದ್ದರೆ ಇನ್ನೂ ಎರಡು ಮೂರು ಲೀಟರ್ ಕಡಿಮೆ. ಸಿಮೆಂಟ್ ಗಟ್ಟಿಯಾಗಲು ನಿಜಕ್ಕೂ ಬೇಕಾದ ನೀರು ಇದರ ಅರ್ಧ ಮಾತ್ರ. ಉಳಿದದ್ದು ಕಲಸಲು, ಹರಡಲು. ಅದಕ್ಕಿಂತ ಜಾಸ್ತಿ ಹಾಕಿದ ಪ್ರತಿ ಲೀಟರ್ ನೀರೂ ಆಮೇಲೆ ಆರಿ ಹೋಗಿ ಕಾಂಕ್ರೀಟಿನೊಳಗೆ ಸಣ್ಣ ಸಣ್ಣ ತೂತು ಬಿಟ್ಟು ಹೋಗುತ್ತದೆ. ಮೇಲ್ಮೈ ಪುಡಿ ಏಳುವುದು, ಬಿರುಕು, ತೇವ ಎಳೆಯುವುದು ಎಲ್ಲಕ್ಕೂ ಮೂಲ ಅದು. ಕೆಲಸದವರಿಗೆ ನೀರು ಜಾಸ್ತಿ ಇದ್ದರೆ ಹಗುರ, ಸಾರಿನ ಹಾಗೆ ಹರಿಯುತ್ತದೆ. ಅವರನ್ನು ದೂರಿ ಪ್ರಯೋಜನ ಇಲ್ಲ, ಬೆನ್ನು ಅವರದು. ಹಾಗಾಗಿ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಸೈಸರ್ ತಂದಿಡಿ. ಡಬ್ಬಿಯ ಮೇಲೆ ಬರೆದಷ್ಟನ್ನು ನೀರಿಗೆ ಸೇರಿಸಿದರೆ ಕಡಿಮೆ ನೀರಲ್ಲೂ ಮೆದುವಾಗುತ್ತದೆ. ಮಿಕ್ಸರ್ ಹತ್ತಿರದ ಪೈಪನ್ನು ಮಾತ್ರ ತೆಗೆದುಬಿಡಿ. ಗುರುತು ಹಾಕಿದ ಬಕೆಟ್ಟಿನಲ್ಲೇ ನೀರು ಹೋಗಲಿ.

ಬೆಳಿಗ್ಗೆ ಬೇಗ ಶುರು ಮಾಡಿ. ಹಿಂದಿನ ಸಂಜೆಯೇ ಹಲಗೆ ಕಟ್ಟಿ, ಇಳಿಜಾರು ಇನ್ನೊಮ್ಮೆ ನೋಡಿ, ಹಲಗೆಗೆ ಎಣ್ಣೆ ಸವರಿಟ್ಟಿರಿ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಸುರಿದು ಹರಡಬೇಕು. ಒಂದೇ ಕಡೆ ರಾಶಿ ಹಾಕಿ ಗುದ್ದಲಿಯಿಂದ ದೂರಕ್ಕೆ ಎಳೆಯಬೇಡಿ. ಎಳೆದರೆ ಜಲ್ಲಿ ಹಿಂದೆ ಉಳಿದು ಬರೀ ಗಾರೆ ಮುಂದೆ ಹೋಗುತ್ತದೆ. ಅಂಚು, ಮೂಲೆಗಳಲ್ಲಿ ಸಲಾಕೆಯಿಂದ ಚೆನ್ನಾಗಿ ಕುತ್ತಿ. ಎರಡೂ ಕಡೆಯ ಹಲಗೆಯ ಮೇಲೆ ಉದ್ದ ಪಟ್ಟಿ ಇಟ್ಟು, ಮೊದಲು ಕುಟ್ಟುತ್ತಾ, ಆಮೇಲೆ ಗರಗಸ ಎಳೆದ ಹಾಗೆ ಎಳೆದು ಮಟ್ಟ ಮಾಡಿ. ಎಲ್ಲರ ಕಾಲಿಗೂ ಬೂಟು ಇರಲಿ, ಕೈಗೆ ರಬ್ಬರ್ ಗ್ಲೌಸ್ ಇರಲಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಅದು ಸಂಜೆಯೇ ಗೊತ್ತಾಗುವುದು.

ಮಟ್ಟ ಮಾಡಿದ ಮೇಲೆ ನೀರು ಮೇಲೆ ಬಂದು ಹೊಳೆಯುತ್ತದೆ. ಕೆಳಗೆ ಪ್ಲಾಸ್ಟಿಕ್ ಇರುವುದರಿಂದ ನಿಮ್ಮಲ್ಲಿ ಸ್ವಲ್ಪ ಜಾಸ್ತಿಯೇ ಬರಬಹುದು. ಆಗ ಕೈ ಕಟ್ಟಿ ಕೂರಬೇಕು. ಹೊಳಪು ಹೋಗುವವರೆಗೆ ಥಾಪಿ ಮುಟ್ಟಿಸಬಾರದು. ಬೇಗ ಆರಲಿ ಅಂತ ಮೇಲೆ ಒಣ ಸಿಮೆಂಟ್ ಉದುರಿಸುವ ಅಭ್ಯಾಸ ನಮ್ಮಲ್ಲಿ ಇದೆ. ಅಂಥ ಅಂಗಳ ಆ ದಿನ ಕನ್ನಡಿಯಂತೆ ಕಾಣುತ್ತದೆ, ಎರಡನೇ ವರ್ಷ ಹಪ್ಪಳದಂತೆ ಏಳುತ್ತದೆ. ಹೊಳಪು ಹೋದ ಮೇಲೆ ಮರದ ಮಣೆಯಿಂದ ಉಜ್ಜಿ. ಜಗಲಿಯ ಮೆಟ್ಟಿಲಿಂದ ಗೇಟಿನವರೆಗೆ ನಡೆಯುವ ದಾರಿಯಲ್ಲಿ ತೆಂಗಿನ ಕಡ್ಡಿ ಪೊರಕೆಯನ್ನು ಅಡ್ಡಕ್ಕೆ ಹಗುರವಾಗಿ ಎಳೆದು ಗೆರೆ ಮೂಡಿಸಿ. ಜೂನ್ ಕಳೆಯುವಷ್ಟರಲ್ಲಿ ನಮ್ಮ ಅಂಗಳಗಳಲ್ಲಿ ಪಾಚಿ ಬರುತ್ತದೆ. ನುಣುಪು ಮಾಡಿದರೆ ಅತ್ತೆಯವರು ಜಾರುತ್ತಾರೆ. ಅಡಿಕೆ ಹರವುವ ಭಾಗಕ್ಕೆ ಮರದ ಮಣೆಯ ಒರಟೇ ಸಾಕು, ಪೊರಕೆ ಗೆರೆ ಇದ್ದರೆ ಕಸ ಕೂರುತ್ತದೆ.

ಇನ್ನು ನೀರು ಕುಡಿಸುವುದು, ಅಂದರೆ ಕ್ಯೂರಿಂಗ್. ಡಿಸೆಂಬರಿನ ಒಣ ಗಾಳಿಗೆ ಮೇಲ್ಮೈ ಬೇಗ ಆರುತ್ತದೆ. ಉಜ್ಜಿ ಮುಗಿದ ಕೂಡಲೇ ಪ್ಲಾಸ್ಟಿಕ್ ಮುಚ್ಚಿ. ಮರುದಿನ ಬೆಳಿಗ್ಗೆಯಿಂದ ಒದ್ದೆ ಗೋಣಿ ಹಾಸಿ, ಮೇಲೆ ಅದೇ ಪ್ಲಾಸ್ಟಿಕ್ ಹೊದಿಸಿ. ಇಳಿಜಾರು ಇರುವುದರಿಂದ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ಕಷ್ಟ, ಗೋಣಿಯೇ ಸುಲಭ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್, ಅದು ನಿಧಾನಕ್ಕೆ ಬಲಿಯುತ್ತದೆ. ಹತ್ತು ದಿನಕ್ಕೆ ಕಡಿಮೆ ಮಾಡಬೇಡಿ, 14 ದಿನ ಮಾಡಿದರೆ ಬಹಳ ಒಳ್ಳೆಯದು. ದಿನಕ್ಕೆ ಎರಡು ಸಲ ಪೈಪು ಹಿಡಿದು ನಡುವೆ ಒಣಗಲು ಬಿಟ್ಟರೆ ಅದು ಕ್ಯೂರಿಂಗ್ ಅಲ್ಲ. ಗೋಣಿ ಯಾವಾಗ ಮುಟ್ಟಿದರೂ ತಣ್ಣಗಿರಬೇಕು. ಸೋಗೆ (ಅಡಿಕೆ ಮರದ ಗರಿ) ಹೊದಿಸಬೇಡಿ, ಅದರ ಕಂದು ಕಲೆ ಹೋಗುವುದಿಲ್ಲ. ಎರಡನೇ ದಿನದಿಂದ ನಡೆಯಬಹುದು, ಹತ್ತು ದಿನದ ಮೇಲೆ ಸ್ಕೂಟರ್ ನಿಲ್ಲಿಸಬಹುದು. ಮೊದಲ ರಾತ್ರಿ ನಾಯಿ, ಕರು ಕಟ್ಟಿಹಾಕಿ.

ಅಡಿಕೆ ಮಾತ್ರ 28 ದಿನ ಕಳೆಯುವವರೆಗೆ ಹರವಬೇಡಿ. ಹೊಸ ಕಾಂಕ್ರೀಟಿನಿಂದ ಸುಣ್ಣದ ಅಂಶ ಮೇಲೆ ಬರುತ್ತಿರುತ್ತದೆ, ಅಡಿಕೆಯ ಬಣ್ಣ ಕೆಡುತ್ತದೆ. ಎರಡು ಮೂರು ಸಲ ತೊಳೆದು ಒಣಗಿಸಿದ ಮೇಲೆ ಬಳಸಿ. ನವೆಂಬರ್ ಕೊನೆಗೆ ನೆಲ ಮುಗಿಸಿ, ಡಿಸೆಂಬರ್ ಮೊದಲ ವಾರ ಕಾಂಕ್ರೀಟ್ ಹಾಕಿದರೆ ಜನವರಿಯ ಚಾಲಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆಗೆ, ಅಂಗಳ ಸಿಗುತ್ತದೆ. ಸುಲಿದು ಬೇಯಿಸಿದ ಕೆಂಪಡಿಕೆ ಈ ವರ್ಷ ಬೇರೆ ಕಡೆ ಒಣಗಿಸಿಕೊಳ್ಳಿ.

ಅಂಕೋಲೆಯ ಭಾವನವರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ನೆಲವೇ ಹೊಯ್ಗೆ. ಒಣ ಹೊಯ್ಗೆಯನ್ನು ಬಡಿದರೆ ಬದಿಗೆ ಸರಿಯುತ್ತದೆ, ಬಿಗಿಯುವುದಿಲ್ಲ. ಚೆನ್ನಾಗಿ ನೀರು ಬಿಟ್ಟು ಕಾಂಪ್ಯಾಕ್ಟರ್ ಯಂತ್ರ ಓಡಿಸಬೇಕು. ಅಂಗಳದ ಸುತ್ತ ಒಂದು ಸಾಲು ಚಿರೆಕಲ್ಲು ಹೂಳಿ ಕಟ್ಟಿದರೆ ಮಳೆಗೆ ಹೊಯ್ಗೆ ಅಡಿಯಿಂದ ಜಾರಿ ಹೋಗುವುದಿಲ್ಲ. ಸಮುದ್ರದ ಗಾಳಿಗೆ ತೆಳು ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಅಲ್ಲಿ ಕಬ್ಬಿಣ ಇಲ್ಲದೆ, ಜಾಯಿಂಟ್ ಎಂಟು ಅಡಿಗೆ ಒಂದು ಕೊಟ್ಟು, ಬೇಕಿದ್ದರೆ ಪ್ಲಾಸ್ಟಿಕ್ ನಾರು ಬೆರೆಸಿ ಹಾಕಲಿ. ಸ್ಲ್ಯಾಗ್ ಸಿಮೆಂಟ್ (ಕಬ್ಬಿಣ ಕಾರ್ಖಾನೆಯ ಕಿಟ್ಟ ಬೆರೆಸಿದ್ದು) ಸಿಕ್ಕರೆ ಉಪ್ಪಿನ ಊರಿಗೆ ಅದು ಒಳ್ಳೆಯದು. ಕಡಲ ದಂಡೆಯ ಹೊಯ್ಗೆ, ಉಬ್ಬರದ ನೀರು ಏರುವ ಅಳಿವೆಯ ಹೊಯ್ಗೆ ಎರಡೂ ಬೇಡ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾದರೆ ಅದೂ ಬೇಡ.

ಇಬ್ಬರಿಗೂ ಒಂದು ಕೇಳಿಕೆ ಇದೆ. ಕಾಂಕ್ರೀಟ್ ಅಂಗಳಕ್ಕೆ ಮುಗಿಯಲಿ, ಮನೆಯ ನಾಲ್ಕೂ ಸುತ್ತ ಹಾಕಿಸಬೇಡಿ. ಇಷ್ಟು ಮಳೆ ಬೀಳುವ ಊರಲ್ಲೂ ಏಪ್ರಿಲ್‌ಗೆ ಬಾವಿ ಬತ್ತುವುದನ್ನು ನೋಡುತ್ತಿದ್ದೇವೆ. ಅಂಗಳದಿಂದ ಇಳಿದ ನೀರು ತೋಟದ ಅಂಚಿನಲ್ಲಿ ಒಂದು ಇಂಗುಗುಂಡಿಗೆ ಹೋಗುವಂತೆ ಮಾಡಿ. ಧರೆಯ ಅಂಚಿಗೆ ತೀರ ಹತ್ತಿರ ಮಾತ್ರ ಗುಂಡಿ ತೆಗೆಯಬೇಡಿ, ಅಂಚು ಕುಸಿಯುತ್ತದೆ. ಹತ್ತು ಹದಿನೈದು ಅಡಿಯಾದರೂ ದೂರ ಇರಲಿ.

ದೀಪಾವಳಿ ಕಳೆದ ಮೇಲೆ ಸಲಾಕೆ ಪರೀಕ್ಷೆ ಮಾಡಿ ಆ ಚಿತ್ರ ನನಗೆ ಕಳಿಸಿ. ಹೊರಗಿನ ಅರ್ಧವನ್ನು ಒಂದು ಅಡಿ ತೆಗೆಯಬೇಕಾ, ಎರಡು ಅಡಿಯಾ ಅಂತ ಅದನ್ನು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಸಿಮೆಂಟಿಗೆ ಮುಂಗಡ ಕೊಡಬೇಡಿ.